ಅತ್ತೆ ಓದಿದ ಶೃಂಗಾರ ಪದ್ಯಗಳು

ಕೃಷ್ಣಮೂರ್ತಿಪುರಂನ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಇಬ್ಬರು ಕೆಲಸ ಮಾಡುತ್ತೇವೆ. ಬೀದಿ ಕಡೆಯ ಕಿಟಕಿಯ ಕೆಳಗೆ ಅತ್ತೆಯ ಹೊಲಿಗೆ ಮೆಷೀನು, ಒಳಗೋಡೆಗೆ ತಾಗಿಸಿ ನನ್ನ ಕಂಪ್ಯೂಟರು. ಅತ್ತೆ ನಲವತ್ತು ವರ್ಷದಿಂದ ರವಿಕೆ ಹೊಲಿಯುತ್ತಿದ್ದಾರೆ. ನಾನು ಈ ಮನೆಗೆ ಸೊಸೆಯಾಗಿ ಬಂದ ಮೇಲೆ ಕಲಿತದ್ದು ಕನ್ನಡ ಡಿ.ಟಿ.ಪಿ. ಮದುವೆಯ ಕಾಗದ, ಪಿಎಚ್.ಡಿ. ಪ್ರಬಂಧ, ನಮ್ಮ ಚರ್ಚಿನ ಹಬ್ಬದ ಹಾಡಿನ ಪುಸ್ತಕ, ಇವುಗಳ ನಡುವೆ ಸ್ವಂತ ಖರ್ಚಿನಲ್ಲಿ ಪುಸ್ತಕ ತರುವ ನಿವೃತ್ತರ ಕವನ ಸಂಕಲನಗಳು. ಮೈಸೂರಿನಲ್ಲಿ ನಿವೃತ್ತರಿಗೂ ಬರವಿಲ್ಲ, ಅವರು ಬರೆಯುವ ಕವನಗಳಿಗೂ ಬರವಿಲ್ಲ.

ಅಂಥವರಲ್ಲೊಬ್ಬರು ಎರಡು ವರ್ಷದ ಹಿಂದೆ ಒಂದು ಬೆಳಿಗ್ಗೆ ಬಂದರು. ಮೇಟಗಳ್ಳಿಯ ಕಾರ್ಖಾನೆಯೊಂದರಲ್ಲಿ ಮೂವತ್ತೈದು ವರ್ಷ ದುಡಿದವರು. ತಯಾರಾಗಿ ಬಂದ ಬಿಡಿಭಾಗಗಳ ಅಳತೆ ಸರಿಯಿದೆಯೇ ಎಂದು ಪರೀಕ್ಷಿಸುವುದು ಅವರ ಕೆಲಸವಾಗಿತ್ತಂತೆ. ಇಸ್ತ್ರಿ ಮಾಡಿದ ಅಂಗಿ, ಜೇಬಿನಲ್ಲಿ ಎರಡು ಪೆನ್ನು. ಸ್ಕೂಟರಿನ ಡಿಕ್ಕಿಯಿಂದ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿದ ಎರಡು ನೋಟ್‌ಬುಕ್ ತೆಗೆದರು. ಕೊಡಲೋ ಬೇಡವೋ ಎನ್ನುವಂತೆ ಎದೆಗೆ ಒತ್ತಿ ಹಿಡಿದುಕೊಂಡೇ ಕೇಳಿದರು.

“ಟೈಪ್ ಮಾಡೋದು ನೀವೇನಾ ಮೇಡಂ? ಗಂಡಸರು ಯಾರೂ ಇಲ್ವಾ?”

“ನಾನೇ ಸಾರ್.”

“ಸ್ವಲ್ಪ... ಶೃಂಗಾರ ಇದೆ.”

“ಇರಲಿ ಬಿಡಿ ಸಾರ್. ಹೆರಿಗೆ ಶಾಸ್ತ್ರದ ಪುಸ್ತಕಾನೂ ಟೈಪ್ ಮಾಡಿದ್ದೀನಿ.”

ಇದರಿಂದ ಅವರಿಗೆ ಸಮಾಧಾನವಾಯಿತೋ ಬೇಸರವಾಯಿತೋ ತಿಳಿಯಲಿಲ್ಲ. ತಮ್ಮ ಶೃಂಗಾರವನ್ನು ಹೆರಿಗೆಯ ಪಕ್ಕದಲ್ಲಿ ಕೂರಿಸಿದ್ದು ಹಿಡಿಸಿರಲಿಕ್ಕಿಲ್ಲ. ನೋಟ್‌ಬುಕ್ ಮೇಜಿನ ಮೇಲಿಟ್ಟು, ಅತ್ತೆಯ ಕಡೆಗೊಮ್ಮೆ ಅಳುಕಿನಿಂದ ನೋಡಿ ಹೊರಟುಹೋದರು. ನಾನೂ ಅತ್ತೆಯೂ ಅವರಿಗೆ ಅಂದೇ ‘ಕವಿಗಳು’ ಎಂದು ಹೆಸರಿಟ್ಟೆವು.

ಒಟ್ಟು ಅರವತ್ತು ಪದ್ಯ. ಅಕ್ಷರ ಅಚ್ಚು ಹಾಕಿದ ಹಾಗಿತ್ತು, ಆದ್ದರಿಂದ ಕೆಲಸ ಬೇಗ ಸಾಗಿತು. ಮೊದಲ ದಿನ ನನಗೆ ಕಿವಿ ಬಿಸಿಯಾದದ್ದು ನಿಜ. ಸೊಪ್ಪಿನ ಹೆಂಗಸು ಗೇಟಿನಲ್ಲಿ ಕೂಗಿದರೆ ಥಟ್ಟನೆ ಪರದೆಯ ಮೇಲೆ ಹಾಡಿನ ಪುಸ್ತಕ ತೆರೆದಿಡುತ್ತಿದ್ದೆ. ಆದರೆ ಎಂಟನೆಯದೋ ಒಂಬತ್ತನೆಯದೋ ಪದ್ಯ ಟೈಪ್ ಮಾಡುವಾಗ ನನ್ನ ಬೆರಳು ನಿಂತುಹೋಯಿತು. ಕನ್ನಡಿಯ ಮುಂದೆ ಕೂತು ತುರುಬು ಬಿಚ್ಚುತ್ತಿರುವ ಹೆಂಗಸಿನ ಬೆನ್ನಿನ ಮೇಲಿನ ಪದ್ಯ ಅದು. ಇಡೀ ಪದ್ಯದಲ್ಲಿ ಬೆನ್ನು ಬಿಟ್ಟು ಬೇರೇನೂ ಇಲ್ಲ. ಬೇಸಿಗೆಯ ಸಂಜೆ, ಬೆವರಿನ ಒಂದು ಗೆರೆ ಇಳಿಯುತ್ತಿದೆ, ಮಂಚದ ಮೇಲೆ ಕೂತ ಗಂಡಸು ಅದು ಎಲ್ಲಿಯ ತನಕ ಹೋಗುತ್ತದೆ ಎಂದು ನೋಡುತ್ತಿದ್ದಾನೆ. ಅಷ್ಟೇ. ನಲವತ್ತೇಳು ವರ್ಷದ ನಾನು, ಎರಡು ಮಕ್ಕಳ ತಾಯಿ, ಎದ್ದು ಹೋಗಿ ಮುಖ ತೊಳೆದುಕೊಂಡು ಬಂದೆ. ಯಾರಿಗೂ ಹೇಳಲಿಲ್ಲ.

ಮಿಕ್ಕ ಪದ್ಯಗಳಲ್ಲಿ ಆ ಹೆಂಗಸು ಮತ್ತೆ ಸಿಗಲಿಲ್ಲ. ಬೇರೊಬ್ಬಳು ಬಂದಳು, ಅವಳೇ ಬರುತ್ತಲೇ ಇದ್ದಳು. ನಡು ಅಂದರೆ ಬಳ್ಳಿ, ಎದೆ ಅಂದರೆ ಕಳಶ, ನಡಿಗೆ ಅಂದರೆ ಹಂಸ. ಇಪ್ಪತ್ತನೇ ಪದ್ಯದ ಹೊತ್ತಿಗೆ ಮುಂದಿನ ಪದ ಯಾವುದೆಂದು ನೋಟ್‌ಬುಕ್ ನೋಡದೆ ಹೇಳಬಲ್ಲವಳಾಗಿದ್ದೆ. ಆ ಮೂರು ಪದಕ್ಕೂ ಕೀಬೋರ್ಡಿನಲ್ಲಿ ಒಂದೊಂದು ಶಾರ್ಟ್‌ಕಟ್ ಮಾಡಿಟ್ಟುಕೊಂಡೆ. ಒಂದು ಗುಂಡಿ ಒತ್ತಿದರೆ ಬಳ್ಳಿ, ಇನ್ನೊಂದು ಒತ್ತಿದರೆ ಹಂಸ.

ಕರಡು ತಿದ್ದುವಾಗ ಒಬ್ಬರು ಕೈಬರಹ ಜೋರಾಗಿ ಓದಬೇಕು, ಇನ್ನೊಬ್ಬರು ಪರದೆಯ ಮೇಲೆ ನೋಡುತ್ತಾ ಹೋಗಬೇಕು. ಮಾಮೂಲಾಗಿ ಓದುವವರು ನನ್ನ ಯಜಮಾನರು. ಆ ಶನಿವಾರ ಅವರು ಮೊದಲ ಪದ್ಯ ಓದಿದರು. ಎರಡನೆಯದರ ಅರ್ಧಕ್ಕೆ ಬಂದವರು “ನೀರು ಕುಡಿದು ಬರ್ತೀನಿ” ಎಂದು ಒಳಗೆ ಹೋದರು. ಹಿತ್ತಿಲ ಬಾಗಿಲಿನಿಂದ ಹೊರಗೆ ಹೋದದ್ದು ಆಮೇಲೆ ತಿಳಿಯಿತು.

“ಕೊಡು ಇಲ್ಲಿ” ಎಂದರು ಅತ್ತೆ. “ನಾನೇನು ಓದು ಬರದವಳಾ?”

ಓದು ಬರದವರೇನಲ್ಲ. ಭಾನುವಾರದ ಪೂಜೆಯಲ್ಲಿ ಬೈಬಲ್ ವಾಚನ ಓದುವವರು ಅವರೇ. ಎಪ್ಪತ್ತೊಂದರ ವಯಸ್ಸಿನಲ್ಲೂ ಮೈಕಿಲ್ಲದೆ ಹಿಂದಿನ ಬೆಂಚಿನವರೆಗೆ ಕೇಳಿಸುವ ಕಂಠ. ಆ ಕಂಠದಲ್ಲಿ, ಅದೇ ಗಾಂಭೀರ್ಯದಲ್ಲಿ, ಒಂದೊಂದು ಸಾಲಿಗೂ ನಿಂತು ನಿಂತು, ಶೃಂಗಾರ ಪದ್ಯ ಶುರುವಾಯಿತು. ಸೊಪ್ಪಿನ ಹೆಂಗಸು ಬಂದು ಗೇಟಿನ ಹತ್ತಿರ ಬುಟ್ಟಿ ಇಳಿಸಿದವಳು ಕೂಗುವುದನ್ನೇ ಮರೆತು ನಿಂತಿದ್ದಳು.

“ಏನಮ್ಮಾ ಅದು, ದೇವರ ಪುಸ್ತಕವಾ?” ಎಂದಳು ಕೊನೆಗೆ.

“ಅಲ್ಲ ಕಣಮ್ಮ, ಗಂಡಸರ ಪುಸ್ತಕ” ಎಂದು ಅತ್ತೆ ಪುಟ ತಿರುಗಿಸಿದರು.

ನಲವತ್ತು ಪದ್ಯ ಆಗುವವರೆಗೆ ಅತ್ತೆ ಬೇರೆ ಮಾತಾಡಲಿಲ್ಲ. ಆಮೇಲೆ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸುತ್ತಾ ಹೇಳಿದರು: “ಈ ಹೆಂಗಸಿಗೆ ನನ್ನ ಕೈಲಿ ರವಿಕೆ ಹೊಲಿಯಕ್ಕಾಗಲ್ಲ ಕಣೇ.”

“ಯಾಕಮ್ಮಾ?”

“ಅಳತೆಯೇ ಕೂಡಲ್ಲ. ನಡು ಮುಷ್ಟಿಯೊಳಗೆ ಅಡಗುತ್ತಂತೆ, ಮೇಲೆ ಇಷ್ಟಿಷ್ಟು ದೊಡ್ಡ ಕಳಶ ಅಂತೆ. ಬಟ್ಟೆ ಎಲ್ಲಿ ಹಿಡಿಯೋದು, ಎಲ್ಲಿ ಬಿಡೋದು? ನಲವತ್ತು ವರ್ಷದಲ್ಲಿ ನಾನು ಒಬ್ಬ ಹೆಂಗಸಿಗಾದರೂ ಎರಡು ಭುಜ ಒಂದೇ ಸಮ ಇರೋದನ್ನ ನೋಡಿಲ್ಲ. ಇವರ ಇಷ್ಟು ಹೆಂಗಸರಲ್ಲಿ ಒಬ್ಬಳಿಗೂ ಭುಜ ತಗ್ಗಿಲ್ಲವಲ್ಲ!”

ನನಗೆ ನಗು ತಡೆಯಲಾಗಲಿಲ್ಲ. ಅತ್ತೆಯೂ ನಕ್ಕರು. ಆ ಮಧ್ಯಾಹ್ನ ಅನ್ನ ಸೀದುಹೋಯಿತು.

ನಾಲ್ಕು ದಿನದ ಮೇಲೆ ಕವಿಗಳು ಬಂದರು. ಮುಖ ಕೆಂಪಗಿತ್ತು. ಅವರ ಹಳೆಯ ಸಹೋದ್ಯೋಗಿಯ ಮಗಳು ಕಾಲೇಜಿನಲ್ಲಿ ಕನ್ನಡ ಪಾಠ ಹೇಳುತ್ತಾಳಂತೆ. ಚಿಕ್ಕಂದಿನಿಂದ ಕಂಡ ಹುಡುಗಿ ಎಂಬ ಸಲಿಗೆಯಿಂದ ಅವಳಲ್ಲಿ ಮುನ್ನುಡಿ ಕೇಳಿದ್ದರು. ಅವಳು ಮೊಬೈಲಿಗೆ ಉತ್ತರ ಕಳಿಸಿದ್ದಳು. ಕವಿಗಳು ನಿಂತುಕೊಂಡೇ ಅದನ್ನು ನಮಗೆ ಓದಿದರು.

“ಅಂಕಲ್, ಕ್ಷಮಿಸಿ. ನಿಮ್ಮ ಭಾಷೆ ಚೆನ್ನಾಗಿದೆ. ಆದರೆ ಈ ಪದ್ಯಗಳಲ್ಲಿ ಹೆಣ್ಣಿಗೆ ಮೈಯಿದೆ, ಬಾಯಿಲ್ಲ. ಓದಿದಾಗ ಸೆಕ್ಸಿಸ್ಟ್ ಅನ್ನಿಸಿತು. ಇದಕ್ಕೆ ನಾನು ಮುನ್ನುಡಿ ಬರೆಯಲಾರೆ.”

ಮೊಬೈಲ್ ಜೇಬಿಗೆ ತುರುಕಿಕೊಂಡು ನನ್ನನ್ನು ನೋಡಿದರು. “ಬಾಯಿಲ್ವಂತೆ ಮೇಡಂ! ತುಟಿ ಮೇಲೇ ಹನ್ನೊಂದು ಪದ್ಯ ಇದೆ!”

ನಾನು ತುಟಿ ಕಚ್ಚಿಕೊಂಡು ಪರದೆ ನೋಡಿದೆ. ಅವರು ಬಿಡಲಿಲ್ಲ. “ನೀವೇ ಹೇಳಿ, ನೀವೂ ಹೆಣ್ಣುಮಗಳು. ನಾನೇನು ಹೆಣ್ಣನ್ನ ಬೈದಿದ್ದೀನಾ? ಹೊಗಳಿದ್ದೀನಿ. ಹೊಗಳೋದೂ ತಪ್ಪಾ? ನಮ್ಮ ದೇವಸ್ಥಾನದ ಗೋಡೆಗಳ ಮೇಲೆ ಇಲ್ವಾ ಶೃಂಗಾರ?”

“ನಾನು ಬರೀ ಟೈಪ್ ಮಾಡೋಳು ಸಾರ್” ಎಂದೆ. ಗಿರಾಕಿಯ ಎದುರು ನಾನು ಯಾವಾಗಲೂ ಹೇಡಿ.

ಅತ್ತೆ ಮೆಷೀನು ನಿಲ್ಲಿಸಿದರು. “ಕೂತ್ಕೊಳಿ ಸಾರ್. ಒಂದು ಮಾತು ಕೇಳ್ತೀನಿ. ಕಾರ್ಖಾನೆಯಲ್ಲಿ ನಿಮ್ಮ ಕೈಗೆ ಒಂದು ಬೋಲ್ಟು ಬಂದರೆ ಏನ್ಮಾಡ್ತಿದ್ರಿ?”

“ಅಳತೆ ನೋಡ್ತಿದ್ದೆ.”

“ನೋಡದೆ ಸರಿ ಅಂತ ಬರೆದುಬುಡ್ತಿರಲಿಲ್ಲ, ಅಲ್ವಾ? ಇಲ್ಲಿ ನೋಡದೆ ಬರೆದುಬುಟ್ಟಿದ್ದೀರಿ. ಕಳಶ ಅಂತೀರಿ, ಹಂಸ ಅಂತೀರಿ. ಯಾರೋ ಯಾವಾಗಲೋ ಹೇಳಿದ್ದನ್ನ ನಂಬಿಕೊಂಡು. ಯಾವ ಹೆಂಗಸಿಗೂ ಎರಡು ಭುಜ ಒಂದೇ ಸಮ ಇರಲ್ಲ ಸಾರ್, ಒಂದು ಕಡೆ ತಗ್ಗೇ ಇರುತ್ತೆ, ಮನೇಲಿ ನೋಡಿ ಬೇಕಾದ್ರೆ. ನನ್ನ ಹತ್ತಿರ ಅಳತೆ ಕೊಡಕ್ಕೆ ಬರೋ ಹೆಂಗಸರೆಲ್ಲಾ ಟೇಪು ಸುತ್ತುತ್ತಿದ್ದ ಹಾಗೇ ಉಸಿರು ಬಿಗಿ ಹಿಡಿದು ಹೊಟ್ಟೆ ಒಳಕ್ಕೆ ಎಳ್ಕೋತಾರೆ. ಹದಿನೆಂಟರ ಹುಡುಗೀನೂ ಅಷ್ಟೇ, ಅರವತ್ತರ ಅಜ್ಜೀನೂ ಅಷ್ಟೇ. ಯಾಕೆ ಹೇಳಿ? ನೀವು ಬರೆಯೋ ಹೆಂಗಸಿನ ಥರ ಇರಬೇಕು ಅಂತ. ‘ಉಸಿರು ಬುಡಮ್ಮ, ಆಮೇಲೆ ಹುಕ್ಕು ಕಿತ್ಕೊಂಡು ಹೋಗುತ್ತೆ’ ಅಂತ ಹೇಳಿ ಹೇಳಿ ನನಗೆ ಸಾಕಾಗಿದೆ.”

ಕವಿಗಳು ಎದ್ದು ನಿಂತರು. “ಅಮ್ಮಾವ್ರೇ, ರವಿಕೆ ಹೊಲಿಯೋದು ಬೇರೆ, ಕಾವ್ಯ ಬೇರೆ” ಎಂದು ಹೇಳಿ, ಹೆಲ್ಮೆಟ್ಟನ್ನು ಹಿಂದುಮುಂದಾಗಿ ಹಾಕಿಕೊಂಡು ಹೊರಟೇಬಿಟ್ಟರು. ನೋಟ್‌ಬುಕ್ ಇಲ್ಲೇ ಉಳಿಯಿತು.

ನಾನು ಅತ್ತೆಯ ಮೇಲೆ ರೇಗಿದೆ. ಬಂದ ಗಿರಾಕಿಯನ್ನು ಹೀಗೆ ಓಡಿಸುವುದೇ ಎಂದೆ. ರೇಗುತ್ತಾ ರೇಗುತ್ತಾ ಮನಸ್ಸಿನಲ್ಲಿದ್ದದ್ದು ಬಾಯಿಗೆ ಬಂದುಬಿಟ್ಟಿತು. “ಎಲ್ಲಾನೂ ಹಾಗಿಲ್ಲಮ್ಮ. ಆ ಬೆನ್ನಿನ ಪದ್ಯ ಇದೆಯಲ್ಲ, ಅದು ನನಗೆ ಇಷ್ಟ ಆಯ್ತು.”

ಹೇಳಿದ ಮೇಲೆ ಭೂಮಿ ಬಿರಿಯಬಾರದೇ ಅನ್ನಿಸಿತು. ಅತ್ತೆಯ ಹತ್ತಿರ ಇಂಥ ಮಾತು ಎಂದೂ ಆಡಿದವಳಲ್ಲ.

ಅತ್ತೆ ಸೂಜಿಗೆ ದಾರ ಪೋಣಿಸುತ್ತಿದ್ದರು. ತಲೆ ಎತ್ತದೆ “ನನಗೂ ಇಷ್ಟ ಆಯ್ತು ಕಣೇ” ಎಂದರು. “ನೋಡೋದು ತಪ್ಪು ಅಂತ ನಾನೆಲ್ಲಿ ಅಂದೆ? ಮನೆಯಲ್ಲಿ ಒಬ್ಬರಾದರೂ ಹಾಗೆ ನೋಡ್ತಾರೆ ಅಂತಿದ್ರೆ ಹೆಂಗಸಿಗೆ ಅನ್ನ ಮೈಗೆ ಹತ್ತುತ್ತೆ. ಅವರು ಆ ಒಬ್ಬಳನ್ನೇ ನೋಡಿದ್ದಾರೆ. ಮಿಕ್ಕವರನ್ನ ನೋಡಿಲ್ಲ. ಅದಕ್ಕೆ ಹೇಳಿದೆ.”

ಆ ರಾತ್ರಿಯಿಂದ ನಾನೂ ಇದನ್ನೇ ಯೋಚಿಸುತ್ತಿದ್ದೆ. ಹೆಣ್ಣಿನ ಮೈ ಬಗ್ಗೆ ಗಂಡಸು ಬರೆದರೆ ಅದು ಹೆಣ್ಣನ್ನು ಕೀಳು ಮಾಡಿದ ಹಾಗೆಯೇ? ಹಾಗಾದರೆ ಬೆನ್ನಿನ ಪದ್ಯದಲ್ಲೂ ಮೈ ಬಿಟ್ಟು ಬೇರೇನಿದೆ? ಅಲ್ಲಿಯೂ ಆ ಹೆಂಗಸು ಒಂದು ಮಾತಾಡುವುದಿಲ್ಲ. ಆದರೂ ಅದನ್ನು ಓದಿದಾಗ ಯಾರೋ ನನ್ನನ್ನು ನೋಡಿದ ಹಾಗಾಗಿತ್ತು. ಮಿಕ್ಕವನ್ನು ಓದಿದಾಗ ನನ್ನ ಪಕ್ಕದಲ್ಲಿ ಇನ್ನೊಬ್ಬಳನ್ನು ನಿಲ್ಲಿಸಿ ಹೋಲಿಸಿದ ಹಾಗಾಗಿತ್ತು. ಇದಕ್ಕಿಂತ ಚೆನ್ನಾಗಿ ವಿವರಿಸಲು ಅವತ್ತು ಬರಲಿಲ್ಲ. ಇವತ್ತಿಗೂ ಬರುತ್ತದೆಂದು ಹೇಳಲಾರೆ.

ಮೂರು ವಾರ ಕವಿಗಳ ಸುದ್ದಿಯಿಲ್ಲ. ಫೋನು ಮಾಡಿದರೆ ಎತ್ತಲಿಲ್ಲ. ಒಂದು ಮಂಗಳವಾರ ಹನ್ನೊಂದು ಗಂಟೆಗೆ ಆಟೋದಿಂದ ಒಬ್ಬ ಹೆಂಗಸು ಇಳಿದರು. ಅರವತ್ತರ ಆಸುಪಾಸು, ಎತ್ತರದ ಆಳು, ಕೈಯಲ್ಲಿ ಹಸಿರು ರವಿಕೆ ಪೀಸು. ಅಳತೆ ರವಿಕೆ ತಂದಿಲ್ಲ, ನೀವೇ ತಗೊಳ್ಳಿ ಎಂದರು. ಅತ್ತೆ ಟೇಪು ಸುತ್ತಿದರು. ಆಕೆ ಉಸಿರು ಬಿಗಿಹಿಡಿಯಲಿಲ್ಲ, ಆರಾಮಾಗಿ ನಿಂತಿದ್ದರು.

“ಬಲಗಡೆ ಭುಜ ಸ್ವಲ್ಪ ತಗ್ಗು ನಿಮಗೆ” ಎಂದರು ಅತ್ತೆ.

“ಹಾಗಾದ್ರೆ ಅದನ್ನ ಹೇಳಿದೋರು ನೀವೇ!” ಎಂದು ಆಕೆ ತಿರುಗಿ ನಕ್ಕರು. “ಮೂರು ವಾರದಿಂದ ನಮ್ಮನೆಯವರು ಊಟಕ್ಕೆ ಕೂತಾಗೆಲ್ಲ ನನ್ನ ಭುಜ ನೋಡ್ತಾರೆ. ಏನ್ರೀ ಅಂದ್ರೆ ಏನಿಲ್ಲ ಅಂತಾರೆ. ಮೊನ್ನೆ ಬಾಯಿ ಬಿಡಿಸಿದೆ. ಪುಸ್ತಕ ಬರೀತಿದ್ದಾರೆ ಅಂತ ಗೊತ್ತಿತ್ತು ಅಕ್ಕ, ಅದ್ರಲ್ಲೇನಿದೆ ಅಂತ ನನಗೆ ತೋರಿಸೇ ಇಲ್ಲ. ಎಲ್ಲಿದೆ ಕೊಡಿ, ಓದ್ತೀನಿ.”

ಗಿರಾಕಿಯ ಹಸ್ತಪ್ರತಿಯನ್ನು ಅವರ ಹೆಂಡತಿಗಾದರೂ ತೋರಿಸಬಹುದೇ ಎಂದು ನಾನು ತಡವರಿಸಿದೆ. ಅತ್ತೆ ಪ್ರಿಂಟ್ ತೆಗೆದಿಟ್ಟಿದ್ದ ಕರಡನ್ನು ಕೊಟ್ಟೇಬಿಟ್ಟರು. ಆಕೆ ಬಾಗಿಲ ಪಕ್ಕದ ಸ್ಟೂಲಿನ ಮೇಲೆ ಕೂತು ಓದತೊಡಗಿದರು. ಮೊದಮೊದಲು ‘ಅಯ್ಯೋ’ ಅಂದರು, ಆಮೇಲೆ ‘ಥೂ’ ಅಂದರು, ಒಮ್ಮೆ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು. ಬೆನ್ನಿನ ಪದ್ಯ ಬಂದಾಗ ನಾನು ಕಣ್ಣಂಚಿನಲ್ಲಿ ನೋಡುತ್ತಿದ್ದೆ. ಆಕೆ ಅದನ್ನು ಎರಡು ಸಲ ಓದಿ, ಕಾಗದದ ಮೂಲೆ ಮಡಿಚಿಟ್ಟು ಮುಂದೆ ಹೋದರು.

ಸುಮಾರು ಮಧ್ಯಕ್ಕೆ ಬಂದಾಗ ಇದ್ದಕ್ಕಿದ್ದಂತೆ ಜೋರಾಗಿ “ಸುಳ್ಳು!” ಎಂದರು.

ತಲೆಗೆ ಎರೆದುಕೊಳ್ಳುವ ಹೆಂಗಸಿನ ಪದ್ಯ ಅದು. ಹಿತ್ತಿಲಲ್ಲಿ ಕೂತ ನವವಧು, ಕಾರ್ಮುಗಿಲಿನಂಥ ಕೂದಲು, ಗಂಡ ಬಂದದ್ದನ್ನು ಕಂಡು ಅವಳು ನಾಚಿ ಕಣ್ಣು ಮುಚ್ಚಿಕೊಂಡಳು ಎಂದಿತ್ತು.

“ಇದು ನಾನೇ. ಕ್ವಾರ್ಟರ್ಸಿನ ಹಿತ್ತಿಲು, ಮದುವೆಯಾಗಿ ತಿಂಗಳಾಗಿತ್ತು. ನಾನೆಲ್ಲಿ ನಾಚಿದ್ದೆ? ಸೀಗೆಪುಡಿ ಕಣ್ಣಿಗೆ ಹೋಗಿತ್ತು, ಉರಿ ತಡೆಯೋಕಾಗ್ತಿರಲಿಲ್ಲ. ಇವರು ಬಾಗಿಲಲ್ಲಿ ಕಂಬದ ಥರ ನಿಂತಿದ್ರು. ‘ಸುಮ್ನೆ ನಿಂತ್ಕೊಂಡು ನೋಡ್ತೀರಲ್ಲ, ಬಂದು ನಾಲ್ಕು ಚೊಂಬು ನೀರು ಹಾಕ್ರೀ’ ಅಂದೆ. ಪ್ಯಾಂಟು ಮಡಿಚಿಕೊಂಡು ಬಂದು ಹಾಕಿದ್ರು. ಬಿಸಿ ಜಾಸ್ತಿಯಾ, ಸಾಕಾ, ಅಂತ ಒಂದೊಂದು ಚೊಂಬಿಗೂ ಕೇಳ್ತಿದ್ರು. ಕಿವಿಯ ಹಿಂದೆ ಉಳಿದಿದ್ದ ಪುಡೀನ ಅವರೇ ಬೆರಳಲ್ಲಿ ತೊಳೆದ್ರು.” ಆಕೆ ಹಾಳೆಯನ್ನು ಮಡಿಲಿಗೆ ಇಳಿಸಿದರು. “ಚೆನ್ನಾಗಿದ್ದಿದ್ದೇ ಅದು ಅಕ್ಕ. ಅದನ್ನೇ ಬಿಟ್ಟುಬಿಟ್ಟಿದ್ದಾರೆ.”

ಅತ್ತೆ ಎದ್ದು ಹೋಗಿ ಮೂರು ಲೋಟ ಕಾಫಿ ತಂದರು.

ಮರುದಿನವೇ ಕವಿಗಳು ಪ್ರತ್ಯಕ್ಷರಾದರು. ಹೆಂಡತಿ ಮನೆಯಲ್ಲಿ ಏನು ಹೇಳಿದ್ದರೋ, ಮನುಷ್ಯ ಪೂರ್ತಿ ಮೆತ್ತಗಾಗಿದ್ದರು. ಆ ಮೂರು ವಾರದಲ್ಲಿ ಹೊಸದಾಗಿ ಹನ್ನೆರಡು ಪದ್ಯ ಬರೆದಿದ್ದೇನೆ, ಹಳೆಯವನ್ನೆಲ್ಲಾ ತೆಗೆದು ಇವನ್ನು ಹಾಕಿ ಎಂದರು. ಯಾರಿಗೂ ಬೇಸರವಾಗಬಾರದಂತೆ. ಅತ್ತೆ ಆ ಹಾಳೆಗಳನ್ನು ತೆಗೆದುಕೊಂಡು ತಮ್ಮ ಪೂಜೆಯ ಕಂಠದಲ್ಲಿ ಎರಡನ್ನು ಓದಿದರು. ಒಂದರಲ್ಲಿ ಹೆಣ್ಣು ಭೂಮಿತಾಯಿ, ಇನ್ನೊಂದರಲ್ಲಿ ತ್ಯಾಗದ ದೀಪ.

“ಇದು ಅದಕ್ಕಿಂತ ಕೆಟ್ಟದ್ದು ಸಾರ್” ಎಂದು ವಾಪಸು ಕೊಟ್ಟರು. “ಅವಳಿಗಾದ್ರೂ ಮೈ ಇತ್ತು. ಇವಳಿಗೆ ಅದೂ ಇಲ್ಲ.”

ಕವಿಗಳು ನನ್ನ ಕಡೆ ತಿರುಗಿದರು. ಈ ಸಲ ನಾನು ಪರದೆಯ ಹಿಂದೆ ಅಡಗಲಿಲ್ಲ. “ಶೃಂಗಾರ ತೆಗೀಬೇಡಿ ಸಾರ್” ಎಂದೆ. “ಬೆನ್ನಿನ ಪದ್ಯ ತೆಗೆದರೆ ನಾನು ಟೈಪ್ ಮಾಡಲ್ಲ.”

ಅವರು ನನ್ನನ್ನೇ ನೋಡಿದರು. ನನ್ನ ಮುಖ ಕೆಂಪಾಗಿರಬೇಕು, ಅವರದ್ದೂ ಕೆಂಪಾಯಿತು. “ಅದು ಚೆನ್ನಾಗಿದೆಯಾ?” ಎಂದು ಮೆಲ್ಲಗೆ ಕೇಳಿದರು. ಅರವತ್ತೈದು ವರ್ಷದ ಮನುಷ್ಯ, ಹೊಸ ಅಂಗಿ ಹಾಕಿಕೊಂಡ ಮಗುವಿನ ಹಾಗೆ ಕಂಡರು.

“ತುಂಬಾ ಚೆನ್ನಾಗಿದೆ ಸಾರ್.”

ಆಮೇಲೆ ನಡೆದದ್ದು ನಾನು ಈ ಕೆಲಸಕ್ಕೆ ಬಂದ ಮೇಲೆ ಕಂಡ ಅತ್ಯಂತ ಗಲಾಟೆಯ ಪುಸ್ತಕ ಸಂಪಾದನೆ. ವಾರಕ್ಕೆರಡು ದಿನ ಗಂಡ ಹೆಂಡತಿ ಸ್ಕೂಟರಿನಲ್ಲಿ ಬರುವರು. ನಮ್ಮ ಕೋಣೆಯಲ್ಲಿ ಕೂತು ಒಂದೊಂದೇ ಪದ್ಯ ಹಿಡಿದು ಜಗಳಾಡುವರು. “ಇದ್ಯಾರು?” ಎಂದು ಆಕೆ ಕೇಳುವರು. “ಯಾರೂ ಇಲ್ಲ, ಕಲ್ಪನೆ” ಎಂದು ಇವರು. “ಯಾರೂ ಇಲ್ಲದ ಮೇಲೆ ಯಾಕಿರಬೇಕು?” ಎಂದು ಆಕೆ ಗೀಟು ಹಾಕುವರು. ಕೆಲವನ್ನು ಕವಿಗಳು ಪಟ್ಟು ಹಿಡಿದು ಉಳಿಸಿಕೊಂಡರು, ಹಂಸದ ಒಂದು ಪದ್ಯವೂ ಹಾಗೆ ಉಳಿಯಿತು, ಲಯ ಚೆನ್ನಾಗಿದೆಯೆಂದು. ತಮ್ಮ ಹೊಕ್ಕುಳ ಹತ್ತಿರದ ಮಚ್ಚೆ ಬಂದ ಪದ್ಯವನ್ನು ಮಾತ್ರ ಆಕೆ ಹರಿದೇ ಹಾಕಿದರು. “ಬರೆದಿದ್ದು ಚೆನ್ನಾಗಿದೆ, ಆದ್ರೆ ಮಚ್ಚೆ ನಂದು” ಎಂದರು.

ತಲೆಗೆ ಎರೆದುಕೊಳ್ಳುವ ಪದ್ಯವನ್ನು ಅವರು ಹೊಸದಾಗಿ ಬರೆದರು. ಅದರಲ್ಲಿ ಮುಗಿಲಿಲ್ಲ. ಸೀಗೆಪುಡಿ ಇದೆ, ಉರಿಯುವ ಕಣ್ಣಿದೆ, ‘ನಾಲ್ಕು ಚೊಂಬು ನೀರು ಹಾಕ್ರೀ’ ಎಂಬ ಮಾತು ಹಾಗೆಯೇ ಇದೆ, ಪ್ಯಾಂಟು ಮಡಿಚಿದ ಗಂಡಸಿನ ಒದ್ದೆ ಕಾಲು ಇದೆ. ಮೊದಲಿನದಕ್ಕಿಂತ ಇದರಲ್ಲೇ ಶೃಂಗಾರ ಹೆಚ್ಚು. ಟೈಪ್ ಮಾಡುವಾಗ ನನ್ನ ಯಜಮಾನರು ಹಿಂದೆ ನಿಂತು ಓದಿದರು. ಈ ಸಲ ನೀರು ಕುಡಿಯಲು ಹೋಗಲಿಲ್ಲ.

ಅರವತ್ತರಲ್ಲಿ ಮೂವತ್ತನಾಲ್ಕು ಉಳಿದವು. ಕವಿಗಳು ಧೈರ್ಯ ಮಾಡಿ ಅವನ್ನು ಆ ಅಧ್ಯಾಪಕಿಗೆ ಮತ್ತೆ ಕಳಿಸಿದರು. ಅವಳೇ ಒಂದು ಸಂಜೆ ನಮ್ಮಲ್ಲಿಗೆ ಬಂದಳು. ಜೀನ್ಸು, ದೊಡ್ಡ ಬೊಟ್ಟು, ಕವಿಗಳಿಗಿಂತ ಜೋರು ಗಂಟಲು. ಅರ್ಧ ಪದ್ಯಗಳ ಬಗ್ಗೆ ತನಗೆ ಈಗಲೂ ತಕರಾರಿದೆ, ನೋಡುವವನು ಗಂಡ ಎಂದ ಮಾತ್ರಕ್ಕೆ ನೋಟ ಸರಿಯಾಗಿಬಿಡುವುದಿಲ್ಲ ಎಂದಳು. ಹಾಗಾದರೆ ಹೆಂಗಸರೇ ಬರೆಯಲಿ, ಬೇಡ ಅಂದವರಾರು ಎಂದು ಕವಿಗಳು. ಬರೆದರೆ ನೀವು ಓದುತ್ತೀರಾ ಎಂದು ಅವಳು. ಗಂಟೆಗಟ್ಟಲೆ ನಡೆಯಿತು. ಕೊನೆಗೆ ಕವಿಗಳೇ ಹೇಳಿದರು: “ಇದನ್ನೆಲ್ಲಾ ಹಾಗೇ ಬರಿ ಮಗಳೇ. ಒಂದಕ್ಷರ ಬಿಡದೆ ಪುಸ್ತಕದಲ್ಲಿ ಹಾಕಿಸ್ತೀನಿ.” ಬರೆದಳು, ಹಾಕಿಸಿದರು. ಹೊಗಳಿಕೆಯೇ ಇಲ್ಲದ ಮುನ್ನುಡಿಯನ್ನು ನಾನು ಟೈಪ್ ಮಾಡಿದ್ದು ಅದೊಂದೇ.

ಬಿಡುಗಡೆ ಅಂತ ಸಮಾರಂಭ ಮಾಡಲಿಲ್ಲ. ಶ್ರಾವಣದ ಹಬ್ಬಕ್ಕೆ ಕವಿಗಳ ಹೆಂಡತಿ ಬೀದಿಯ ಹೆಂಗಸರನ್ನೆಲ್ಲಾ ಅರಿಶಿನ ಕುಂಕುಮಕ್ಕೆ ಕರೆದರು, ನನ್ನನ್ನೂ ಅತ್ತೆಯನ್ನೂ ಕರೆದರು. ಬಾಳೆಹಣ್ಣು, ವೀಳ್ಯದೆಲೆ, ಅಡಿಕೆ, ರವಿಕೆ ಬಟ್ಟೆಯ ಜೊತೆ ಪ್ರತಿಯೊಬ್ಬರ ಕೈಗೂ ಒಂದೊಂದು ಪುಸ್ತಕ ಇಟ್ಟರು. ಕವಿಗಳು ಅಡುಗೆಮನೆಯಿಂದ ಹೊರಗೇ ಬರಲಿಲ್ಲ. ಪುಸ್ತಕವನ್ನು ಭಕ್ತಿಗೀತೆಯೆಂದುಕೊಂಡು ಕಣ್ಣಿಗೊತ್ತಿಕೊಂಡವರೂ ಇದ್ದರು. ಅಲ್ಲೇ ತೆರೆದು ನೋಡಿದವರೊಬ್ಬರು ಟಪ್ಪನೆ ಮುಚ್ಚಿ, ಅತ್ತಿತ್ತ ನೋಡಿ, ಚೀಲದ ತಳಕ್ಕೆ ಇಳಿಸಿದರು.

ವಾರ ಕಳೆದ ಮೇಲೆ ನಮ್ಮ ಮನೆಗೆ ಒಂದು ಫೋನು ಬಂತು. ಅವತ್ತು ಅರಿಶಿನ ಕುಂಕುಮಕ್ಕೆ ಬಂದಿದ್ದ, ಎಂಬತ್ತು ದಾಟಿದ ಒಬ್ಬ ಅಜ್ಜಿ. ಪುಸ್ತಕದ ಹಿಂದೆ ಅಚ್ಚಾಗಿದ್ದ ನನ್ನ ನಂಬರು ಹುಡುಕಿ ಮಾಡಿದ್ದರು.

“ಟೈಪ್ ಮಾಡಿದೋಳು ನೀನೇ ಏನಮ್ಮಾ? ಅಕ್ಷರ ತೀರಾ ಸಣ್ಣದು ಹಾಕಿದ್ದೀಯ, ಕನ್ನಡಕ ಹಾಕ್ಕೊಂಡರೂ ಕಾಣಲ್ಲ. ದೊಡ್ಡದಾಗಿ ಒಂದು ಪ್ರಿಂಟ್ ತೆಗೆದುಕೊಡ್ತೀಯಾ?” ದನಿ ತಗ್ಗಿಸಿದರು. “ಸೊಸೆ ಕೈಲಿ ಓದಿಸಿಕೊಳ್ಳೋಣ ಅಂದ್ರೆ ಅವಳು ಬರೀ ಭೂಮಿತಾಯಿ ಥರದವಳು ಕಣಮ್ಮ, ನಾಚ್ಕೋತಾಳೆ.”

ಇಪ್ಪತ್ತನಾಲ್ಕು ಪಾಯಿಂಟಿನ ಅಕ್ಷರದಲ್ಲಿ ಮೂವತ್ತನಾಲ್ಕೂ ಪದ್ಯ ತೆಗೆದು, ಸ್ಪೈರಲ್ ಬೈಂಡು ಮಾಡಿಸಿದೆ. ತಲುಪಿಸಿ ಬರಲು ಅತ್ತೆ ತಾವೇ ಹೋದರು. ಮಧ್ಯಾಹ್ನ ಹೋದವರು ದೀಪ ಹಚ್ಚುವ ಹೊತ್ತಾದರೂ ಬರಲಿಲ್ಲ. ಫೋನು ಮಾಡಿ ಕೇಳಿದರೆ, “ಇರು, ಇನ್ನೂ ಹತ್ತೊಂಬತ್ತನೇ ಪದ್ಯದಲ್ಲಿದ್ದೀವಿ” ಎಂದು ಇಟ್ಟುಬಿಟ್ಟರು.